ಬಂದರಿನ ಸೊಳ್ಳೆ ಯಾರ ಲೆಕ್ಕಕ್ಕೆ?

ಬಂದರು, ಹಡಗು, ಮೀನುಗಾರಿಕಾ ಧಕ್ಕೆಗಳ ಆರೋಗ್ಯದ ಹೊಣೆ ಕುರಿತು ಬಂದ ಓದುಗರ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಎತ್ತಿಕೊಂಡಿದ್ದೇವೆ.

ದೊಡ್ಡ ಬಂದರಿನ ಪಕ್ಕದಲ್ಲೇ ನಮ್ಮ ಮನೆ. ಮಳೆ ಶುರುವಾದರೆ ಡೆಂಗಿ ಭಯ. ದೂರು ಕೊಡಬೇಕಾದ್ದು ಪಾಲಿಕೆಗೋ, ಬಂದರಿನವರಿಗೋ? ಬಂದರಿನ ಆರೋಗ್ಯದ ಹೊಣೆ ಕೇಂದ್ರ ಸರ್ಕಾರದ್ದು ಅನ್ನುತ್ತಾರಲ್ಲ?
— ಓದುಗರೊಬ್ಬರು, ಪಣಂಬೂರು

ನಿಮ್ಮ ಅಂಗಳದ ಸೊಳ್ಳೆಗೆ ಪಾಲಿಕೆಯೇ ಹೊಣೆ. ಬಂದರಿನ ಒಳಗಿನದಕ್ಕೆ ಬಂದರು ಆಡಳಿತ ಮತ್ತು ಬಂದರು ಆರೋಗ್ಯ ಅಧಿಕಾರಿ. ಸಂವಿಧಾನದ ಕೇಂದ್ರ ಪಟ್ಟಿಯ 28ನೇ ನಮೂದು ಬಂದರು ಕ್ವಾರಂಟೈನನ್ನು ಕೇಂದ್ರಕ್ಕೆ ಕೊಟ್ಟಿದೆ. ರಾಜ್ಯ ಪಟ್ಟಿಯ 6ನೇ ನಮೂದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯವನ್ನು ರಾಜ್ಯಕ್ಕೆ ಕೊಟ್ಟಿದೆ. 74ನೇ ತಿದ್ದುಪಡಿಯಲ್ಲಿ ಬಂದ 12ನೇ ಅನುಸೂಚಿ ಅದೇ ಕೆಲಸವನ್ನು ನಗರಸಭೆ, ಪಾಲಿಕೆಗಳು ವಹಿಸಿಕೊಳ್ಳಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಹಡಗಿನಲ್ಲಿ ಬಂದ ರೋಗಿ, ಹಡಗಿನ ಪ್ರಮಾಣಪತ್ರ, ಹಳದಿ ಜ್ವರದ ಲಸಿಕೆ ಪತ್ರ ಇವೆಲ್ಲ 1955ರ ಭಾರತೀಯ ಬಂದರು ಆರೋಗ್ಯ ನಿಯಮಗಳಡಿ ಕೇಂದ್ರದ ಬಂದರು ಆರೋಗ್ಯ ಅಧಿಕಾರಿ ನೋಡುವ ವಿಷಯ. ಚರಂಡಿ, ಕಸ, ಕುಡಿಯುವ ನೀರು, ಮನೆಮನೆಯ ಲಾರ್ವಾ ಸಮೀಕ್ಷೆ ಪಾಲಿಕೆಯದು.

ತೊಡಕು ಇರುವುದು ಬಂದರಿಗೂ ಊರಿಗೂ ನಡುವಿನ ನೆಲದ ತುಂಡಿನಲ್ಲಿ. 2007ರ ಜೂನ್ 15ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ 5ನೇ ಅನುಬಂಧ ಒಂದು ಅಳತೆ ಹೇಳುತ್ತದೆ: ಪ್ರಯಾಣಿಕರು, ಹಡಗು, ಕಂಟೇನರ್, ಸರಕು ಓಡಾಡುವ ಜಾಗದಿಂದ ಕನಿಷ್ಠ 400 ಮೀಟರ್ ದೂರದವರೆಗೆ ರೋಗ ಹರಡುವ ಕೀಟಗಳನ್ನು ಹತೋಟಿಯಲ್ಲಿಡಬೇಕು. ಅಳತೆ ಶುರುವಾಗುವುದು ಕಾಂಪೌಂಡ್ ಗೋಡೆಯಿಂದಲ್ಲ, ಸರಕು ನಿರ್ವಹಿಸುವ ಜಾಗದ ಅಂಚಿನಿಂದ ಎಂಬುದನ್ನು ಗಮನಿಸಿ. ಯಾರ್ಡು ಗೋಡೆಗೆ ತಾಗಿಕೊಂಡಿದ್ದರೆ ಈ 400 ಮೀಟರಿನ ಬಹುಪಾಲು ವಾರ್ಡಿನ ಒಳಗೇ ಬಿದ್ದಿರುತ್ತದೆ. ಅಲ್ಲಿನ ಮನೆ, ಗುಜರಿ ಅಂಗಡಿ, ಲಾರಿ ಟರ್ಮಿನಲ್ ಯಾವುದರೊಳಗೂ ಬಂದರಿನ ಸಿಬ್ಬಂದಿ ನೇರವಾಗಿ ನುಗ್ಗುವಂತಿಲ್ಲ, ಪಾಲಿಕೆಯವರು ಬಂದರಿನ ಯಾರ್ಡಿಗೆ ಪಾಸ್ ಇಲ್ಲದೆ ಹೋಗುವಂತಿಲ್ಲ. ಎರಡೂ ಕಡೆಯವರು ಕೂತು ಮಾತಾಡದಿದ್ದರೆ ಈ ನೆಲ ಯಾರ ಕೈಗೂ ಸಿಗದೆ ಉಳಿಯುತ್ತದೆ. ನಮ್ಮ ಪ್ರಕಾರ ಬಂದರು ಪಟ್ಟಣದ ಸ್ಥಳೀಯ ಸಂಸ್ಥೆಯ ಆರೋಗ್ಯ ವಿಭಾಗಕ್ಕೆ ಇದಕ್ಕಿಂತ ಮುಖ್ಯವಾದ ಜಾಗ ಇನ್ನೊಂದಿಲ್ಲ.

ಕೆಲಸ ಹೇಗೆ ನಡೆಯಬೇಕು? ಮೊದಲು ನಕ್ಷೆಯ ಮೇಲೆ 400 ಮೀಟರ್ ಗೆರೆ ಎಳೆದು ಅದರೊಳಗಿನ ಕಟ್ಟಡ, ಖಾಲಿ ಸೈಟು, ಯಾರ್ಡುಗಳಿಗೆ ನಂಬರ್ ಕೊಡಬೇಕು. ಬೀಗ ಹಾಕಿದ ಗೋದಾಮುಗಳ ಕೀಲಿ ಯಾರ ಹತ್ತಿರ ಇದೆ ಎಂದು ಬರೆದಿಡಬೇಕು. ಸಮೀಕ್ಷೆ ಅರ್ಧದಲ್ಲಿ ನಿಲ್ಲುವುದು ಹೆಚ್ಚಾಗಿ ಈ ಬೀಗಗಳ ಮುಂದೆಯೇ. ಆಮೇಲೆ ಗೋಡೆಯ ಎರಡೂ ಬದಿಯಲ್ಲಿ ವಾರದ ಒಂದೇ ದಿನ ನೀರು ಚೆಲ್ಲುವ, ಲಾರ್ವಾ ನೋಡುವ ಕೆಲಸ ಆಗಬೇಕು. ವಾರಕ್ಕೊಮ್ಮೆ ಏಕೆಂದರೆ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ನಮ್ಮ ಹವೆಯಲ್ಲಿ ತೆಗೆದುಕೊಳ್ಳುವುದು ಸುಮಾರು 7ರಿಂದ 10 ದಿನ. ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ಉಜ್ಜಬೇಕು. ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮುಂದಿನ ಮಳೆಯ ನೀರು ತಾಗಿದ ಕೂಡಲೇ ಒಡೆಯುತ್ತದೆ. ಚೆಲ್ಲಲಾಗದ ನೀರಿಗೆ ಟೆಮೆಫಾಸ್ ಎಂಬ ಲಾರ್ವಾನಾಶಕ: ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಶೇ 1ರ ಮರಳು ಹರಳಾದರೆ 100 ಲೀಟರಿಗೆ 10 ಗ್ರಾಂ.

ವರದಿಯಲ್ಲಿ ಎರಡು ಅಂಕಿ ಕೇಳಿ ಪಡೆಯಿರಿ. 100 ಮನೆ ನೋಡಿ 6 ಮನೆಯಲ್ಲಿ ಲಾರ್ವಾ ಸಿಕ್ಕರೆ ಮನೆ ಸೂಚ್ಯಂಕ 6. ಆ ಮನೆಗಳಲ್ಲಿ ಲಾರ್ವಾ ಇದ್ದ ಪಾತ್ರೆ, ಟೈರು, ತೊಟ್ಟಿ ಒಟ್ಟು 9 ಇದ್ದರೆ ಬ್ರೆಟೋ ಸೂಚ್ಯಂಕ 9. ಬಂದರಿನ ಸುತ್ತ ಇವೆರಡನ್ನೂ ಸೊನ್ನೆಗೆ ಇಳಿಸುವುದೇ ಗುರಿ. ‘ಫಾಗಿಂಗ್ ಮಾಡಿದ್ದೇವೆ’ ಎಂಬ ಉತ್ತರಕ್ಕೆ ಸಮಾಧಾನ ಪಡಬೇಡಿ. ಹೊಗೆ ಸಾಯಿಸುವುದು ಆಗ ಹಾರಾಡುತ್ತಿರುವ ಸೊಳ್ಳೆಯನ್ನು ಮಾತ್ರ, ನೀರಿನಲ್ಲಿರುವ ಲಾರ್ವಾಕ್ಕೆ ಅದರಿಂದ ಏನೂ ಆಗದು. ನಡುಮಧ್ಯಾಹ್ನದ ಬಿಸಿಲಿಗೆ ಹೊಗೆ ಮೇಲಕ್ಕೇರಿ ಹೋಗುವುದರಿಂದ ಅದೂ ಸಿಗುವುದಿಲ್ಲ.

ಮಂಗಳೂರಿನವರಿಗೆ ಇನ್ನೊಂದು ಕಾರಣವೂ ಇದೆ. ಇಲ್ಲಿನ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಓವರ್‌ಹೆಡ್ ಟ್ಯಾಂಕ್, ಬಾವಿ, ಕಟ್ಟಡ ಕಾಮಗಾರಿಯ ಕ್ಯೂರಿಂಗ್ ನೀರಿನಲ್ಲಿ ಬೆಳೆಯುತ್ತದೆ. ನಮ್ಮ ಕಡೆಯ ಈ ಸೊಳ್ಳೆ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲಿ, 2016ರಲ್ಲಿ ಇಥಿಯೋಪಿಯದಲ್ಲಿ ಪತ್ತೆಯಾಯಿತು. ಹಡಗುಗಳ ಮೂಲಕವೇ ಹೋಗಿರಬೇಕು ಎಂಬುದು ಕೀಟತಜ್ಞರ ಬಲವಾದ ಅನುಮಾನ. ಬಂದರಿನಿಂದ ರೋಗ ಒಳಗೆ ಬರುವಷ್ಟೇ ಸುಲಭವಾಗಿ ಹೊರಗೂ ಹೋಗುತ್ತದೆ.

ದೂರನ್ನು ಬರವಣಿಗೆಯಲ್ಲಿ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕೊಟ್ಟು, ಒಂದು ಪ್ರತಿಯನ್ನು ಬಂದರು ಆರೋಗ್ಯ ಅಧಿಕಾರಿಗೆ ಕಳಿಸಿ. ‘ಸೊಳ್ಳೆ ಜಾಸ್ತಿ’ ಎಂದು ಬರೆಯುವ ಬದಲು ಇಂಥ ಜಾಗದಲ್ಲಿ, ಇಂಥ ದಿನ, ಇಂಥ ಪಾತ್ರೆಯಲ್ಲಿ ಲಾರ್ವಾ ಕಂಡಿದೆ ಎಂದು ಫೋಟೊ ಸಮೇತ ಬರೆಯಿರಿ.

ಕಾರವಾರದಲ್ಲಿ ಶಿಪ್ಪಿಂಗ್ ಏಜೆನ್ಸಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಹಡಗಿಗೆ ಆರೋಗ್ಯದ ಕಡೆಯಿಂದ ಅನುಮತಿ ಸಿಗಲು ಏನೇನು ಬೇಕು? ಎಲ್ಲಿ ತಪ್ಪಾಗುತ್ತದೆ?
— ಯುವ ಓದುಗರು, ಕಾರವಾರ

ಬಂದರಿಗೆ ಬಂದ ಹಡಗು ಹಳದಿ ಬಣ್ಣದ ಕ್ಯೂ ಬಾವುಟ ಏರಿಸಿ ‘ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಪ್ರಾಟಿಕ್ ಕೊಡಿ’ ಎಂದು ಕೇಳುತ್ತದೆ. ಪ್ರಾಟಿಕ್ ಅಂದರೆ ಆರೋಗ್ಯದ ಕಡೆಯ ಅನುಮತಿ. ರಾತ್ರಿಯಾದರೆ ಕೆಂಪು ದೀಪ ಮೇಲೆ, ಬಿಳಿ ದೀಪ ಕೆಳಗೆ. ಪ್ರಾಟಿಕ್ ಸಿಗುವವರೆಗೆ ಜನ ಇಳಿಯುವಂತಿಲ್ಲ, ಸರಕು ಇಳಿಸುವಂತಿಲ್ಲ.

ನೀವು ಹೊಂದಿಸಬೇಕಾದ ಮುಖ್ಯ ಕಾಗದ ಹಡಗಿನ ಆರೋಗ್ಯ ಘೋಷಣೆ. ಅದರಲ್ಲಿ ಒಂಬತ್ತು ಪ್ರಶ್ನೆಗಳು: ಅಪಘಾತವಲ್ಲದ ಸಾವು ಆಗಿದೆಯೇ, ಸೋಂಕು ರೋಗವೆಂದು ಅನುಮಾನಿಸುವಂಥ ಕಾಯಿಲೆ ಇದೆಯೇ, ರೋಗಿಗಳ ಸಂಖ್ಯೆ ಎಂದಿಗಿಂತ ಹೆಚ್ಚಿದೆಯೇ, ಕದ್ದು ಹತ್ತಿದವರು ಸಿಕ್ಕಿದ್ದಾರೆಯೇ, ಪ್ರಾಣಿಗೆ ಕಾಯಿಲೆಯೇ ಎಂಬಂಥವು. ಹಡಗಿನಲ್ಲಿ ಡಾಕ್ಟರ್ ಇಲ್ಲದಿದ್ದರೆ ಕ್ಯಾಪ್ಟನ್ ಯಾವುದನ್ನು ಸೋಂಕೆಂದು ಎಣಿಸಬೇಕು ಎಂಬುದೂ ಅದರಲ್ಲೇ ಅಚ್ಚಾಗಿದೆ. ಹಲವು ದಿನ ಬಿಡದ ಜ್ವರ, ಜ್ವರದೊಂದಿಗೆ ಕಾಮಾಲೆ, ಗಂಟು ಊತ, ಉಸಿರಾಟದ ತೊಂದರೆ, ರಕ್ತಸ್ರಾವ, ಪಾರ್ಶ್ವವಾಯು ಒಂದು ಗುಂಪು. ಜ್ವರ ಇರಲಿ ಬಿಡಲಿ, ಮೈಮೇಲೆ ಗುಳ್ಳೆ, ತೀವ್ರ ಭೇದಿ, ಕಡಲ ತಲೆಸುತ್ತಿಗೆ ಸಂಬಂಧಿಸದ ತೀವ್ರ ವಾಂತಿ, ಮತ್ತೆಮತ್ತೆ ಫಿಟ್ಸ್ ಇನ್ನೊಂದು ಗುಂಪು. ಇವುಗಳಲ್ಲಿ ಒಂದಿದ್ದರೂ ‘ಹೌದು’ ಎಂದೇ ತುಂಬಿಸಬೇಕು. ‘ಹೌದು’ ಅಂದರೆ ಹಡಗು ತಡವಾಗುತ್ತದೆ ಎಂಬ ಹೆದರಿಕೆಯಿಂದ ‘ಇಲ್ಲ’ ಎಂದು ಬರೆಯಿಸುವುದು ದೊಡ್ಡ ತಪ್ಪು. ಮುಂಚೆ ತಿಳಿದಿದ್ದರೆ ಆ್ಯಂಬುಲೆನ್ಸ್, ವಾರ್ಡು, ಮಾದರಿ ತೆಗೆಯುವವರು ಎಲ್ಲ ಸಿದ್ಧರಿರುತ್ತಾರೆ. ಕಟ್ಟೆಗೆ ತಾಗಿದ ಮೇಲೆ ತಿಳಿದರೆ ಸ್ಟಿವಡೋರ್ ಕೂಲಿಗಳು, ಪೈಲಟ್, ನೀವು ಎಲ್ಲರೂ ಸಂಪರ್ಕಿತರ ಪಟ್ಟಿಗೆ ಸೇರುತ್ತೀರಿ.

ಎರಡನೆಯದು ಹಡಗಿನ ನೈರ್ಮಲ್ಯ ಪ್ರಮಾಣಪತ್ರ. ಹಿಂದಿನ ಇಲಿ ನಿರ್ಮೂಲನ ಪತ್ರದ ಜಾಗದಲ್ಲಿ ಬಂದದ್ದು. ಎಲ್ಲ ಸರಿಯಿದ್ದರೆ ವಿನಾಯಿತಿ ಪತ್ರ, ಏನಾದರೂ ಸಿಕ್ಕಿ ಕ್ರಮ ತೆಗೆದುಕೊಂಡಿದ್ದರೆ ನಿಯಂತ್ರಣ ಪತ್ರ. ಆಯಸ್ಸು ಹೆಚ್ಚೆಂದರೆ 6 ತಿಂಗಳು. ತಪಾಸಣೆಗೆ ಅನುಕೂಲವಿಲ್ಲದ ಬಂದರಿನಲ್ಲಿದ್ದರೆ 1 ತಿಂಗಳು ಮುಂದೂಡಬಹುದು. ಹಡಗು ಹೊರಡುವಾಗ ಪತ್ರ ಚಾಲ್ತಿಯಲ್ಲಿದ್ದು ದಾರಿಯಲ್ಲಿ ಅವಧಿ ಮುಗಿಯುವುದು ಮಾಮೂಲು, ಹಾಗಾಗಿ ತಲುಪುವ ದಿನಾಂಕದಿಂದ ಲೆಕ್ಕ ಹಾಕಿ. ನಿಯಂತ್ರಣ ಪತ್ರವಿದ್ದರೆ ಜೊತೆಗಿನ ತಪಾಸಣಾ ಪಟ್ಟಿಯನ್ನೂ ತರಿಸಿಕೊಳ್ಳಿ. ಅಡುಗೆಮನೆ, ಉಗ್ರಾಣ, ಕುಡಿಯುವ ನೀರು, ಕೊಳಚೆ ಟ್ಯಾಂಕ್ ಹೀಗೆ ಜಾಗವಾರು ಏನು ಸಿಕ್ಕಿತ್ತು ಎಂದು ಅದರಲ್ಲಿರುತ್ತದೆ, ಆರೋಗ್ಯ ಅಧಿಕಾರಿ ಮೊದಲು ನೋಡುವುದು ಅದನ್ನೇ.

ಹಳದಿ ಜ್ವರವಿರುವ ಆಫ್ರಿಕ, ದಕ್ಷಿಣ ಅಮೆರಿಕದ ದೇಶಗಳಿಂದ ಬಂದ ಸಿಬ್ಬಂದಿಯ ಲಸಿಕೆ ಪತ್ರದಲ್ಲಿ ತಾರೀಕು ನೋಡಿ. ಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನದ ಮೇಲೆ. 2016ರ ಜುಲೈ 11ರಿಂದ ಅದು ಜೀವಮಾನಪೂರ್ತಿ ಸಲ್ಲುತ್ತದೆ, ಹಳೆಯ ಪತ್ರದ ಮೇಲೆ 10 ವರ್ಷ ಎಂದು ಬರೆದಿದ್ದರೂ ಸರಿ. ಪತ್ರವಿಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿರಿಸಬಹುದು. ಸಣ್ಣ ಬಂದರಿನಲ್ಲಿ ಈ ಅಧಿಕಾರ ಯಾವ ವೈದ್ಯಾಧಿಕಾರಿಗೆ ವಹಿಸಿದೆ ಎಂಬುದನ್ನು ಬಂದರು ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಹಡಗು ಬರುವ ಮೊದಲೇ ಅವರ ಫೋನ್ ನಂಬರ್ ಇಟ್ಟುಕೊಂಡಿರಿ.

ಭಾರತದಿಂದ ಕಡಲೆಬೀಜ ತರಿಸಿ ಮಾರುತ್ತೇನೆ. ಥೇಮ್ಸ್ ದಡದ ಟಿಲ್ಬರಿ ಬಂದರಿಗೆ ಬಂದ ಕಂಟೇನರಿನಿಂದ ಮಾದರಿ ತೆಗೆದವರು ಕಸ್ಟಮ್ಸ್‌ನವರಲ್ಲ, ಲಂಡನ್ ನಗರಾಡಳಿತದ ಸಿಬ್ಬಂದಿ. ನಗರಾಡಳಿತಕ್ಕೆ ಬಂದರಿನಲ್ಲಿ ಏನು ಕೆಲಸ?
— ಕನ್ನಡಿಗ ವ್ಯಾಪಾರಿ, ಎಸೆಕ್ಸ್, ಇಂಗ್ಲೆಂಡ್

ಅಲ್ಲಿ ಬಂದರಿನ ಆರೋಗ್ಯ ಬಹುಮಟ್ಟಿಗೆ ಸ್ಥಳೀಯ ಸಂಸ್ಥೆಗಳ ಕೆಲಸವೇ, 1872ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಕಾಲದಿಂದಲೂ. ಒಂದೇ ನದಿಯ ದಡದಲ್ಲಿ ಹತ್ತಾರು ಕೌನ್ಸಿಲ್‌ಗಳು. ಹಡಗು ಮೇಲಕ್ಕೆ ಹೋದಂತೆ ಒಬ್ಬೊಬ್ಬರ ಸರಹದ್ದು ದಾಟುತ್ತದೆ, ರೋಗಿಯನ್ನು ಇಳಿಸಿಕೊಳ್ಳಬೇಕಾದವರು ಯಾರು ಎಂಬ ಜಗಳ. ಇದಕ್ಕೆ ಪರಿಹಾರವಾಗಿ ಟೆಡಿಂಗ್‌ಟನ್‌ನಿಂದ ಸಮುದ್ರದವರೆಗಿನ ಥೇಮ್ಸ್ ನದಿಯನ್ನು ಒಂದೇ ಆರೋಗ್ಯ ಜಿಲ್ಲೆ ಮಾಡಿ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ನಿನ ಕೈಗೆ ಕೊಟ್ಟರು. ಈಗ ಅದಕ್ಕೆ ಆಧಾರ 1984ರ ಸಾರ್ವಜನಿಕ ಆರೋಗ್ಯ (ರೋಗ ನಿಯಂತ್ರಣ) ಕಾಯ್ದೆ. ಲಿವರ್‌ಪೂಲ್ ಕಡೆ ಮರ್ಸಿ ನದಿಗೆ ಹಲವು ಕೌನ್ಸಿಲ್‌ಗಳು ಸೇರಿ ನಡೆಸುವ ಜಂಟಿ ಮಂಡಳಿ ಇದೆ. ಫೆಲಿಕ್ಸ್‌ಸ್ಟೋವಿನಲ್ಲಿ ಈಸ್ಟ್ ಸಫಕ್ ಕೌನ್ಸಿಲ್ಲೇ ನೋಡಿಕೊಳ್ಳುತ್ತದೆ. ಹಡಗಿನ ಪ್ರಮಾಣಪತ್ರ, ಕುಡಿಯುವ ನೀರಿನ ಪರೀಕ್ಷೆ, ಆಮದು ಆಹಾರ, ನದಿಮುಖದ ಚಿಪ್ಪುಮೀನು ಎಲ್ಲ ಒಂದೇ ತಂಡದ ಕೈಯಲ್ಲಿ. ಒಂದೇ ಜಲಮಾರ್ಗಕ್ಕೆ ಒಂದೇ ಹೊಣೆಗಾರ ಎಂಬ ಈ ಏರ್ಪಾಡು ನಮ್ಮ ಕರಾವಳಿಗೂ ಯೋಚಿಸಬೇಕಾದ ಮಾದರಿ.

ನಿಮ್ಮ ಕಡಲೆಬೀಜದ ವಿಷಯ. ಹುಡುಕುವುದು ಅಫ್ಲಾಟಾಕ್ಸಿನ್ ಅನ್ನು, ಅಂದರೆ ಬೂಸ್ಟು ಬಿಡುವ ವಿಷವನ್ನು. ನೇರ ತಿನ್ನುವ ಕಡಲೆಬೀಜಕ್ಕೆ ಕಿಲೋಗೆ ಬಿ1 2 ಮೈಕ್ರೊಗ್ರಾಂ, ಒಟ್ಟು 4 ಮೈಕ್ರೊಗ್ರಾಂ ಮಿತಿ. ಆಮೇಲೆ ಆರಿಸಿ ಹಸನು ಮಾಡುವ ಸರಕಿಗೆ 8 ಮತ್ತು 15. ದೊಡ್ಡ ಲಾಟಿನಿಂದ 100 ಕಡೆ ಚೂರುಚೂರು ತೆಗೆದು 20 ಕಿಲೋ ಮಾದರಿ ಮಾಡುತ್ತಾರೆ. ಇಷ್ಟು ಏಕೆ ಎಂದರೆ ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ. ಸಾವಿರಾರು ಬೀಜದಲ್ಲಿ ಒಂದೆರಡು ಮಾತ್ರ ಕೆಟ್ಟಿದ್ದು, ಆ ಒಂದೆರಡರಲ್ಲೇ ಇಡೀ ಚೀಲವನ್ನು ಮಿತಿ ಮೀರಿಸುವಷ್ಟು ಇರುತ್ತದೆ. ಊರಿನಲ್ಲಿ ಒಂದು ಹಿಡಿ ಪರೀಕ್ಷಿಸಿ ‘ಪಾಸ್’ ಎಂದು ಕಳಿಸಿದ್ದು ಅಲ್ಲಿ ಫೇಲಾಗುವುದು ಹೀಗೆ.

ಸರಕು ತಲುಪುವ ಕನಿಷ್ಠ ಒಂದು ಕೆಲಸದ ದಿನ ಮುಂಚೆ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಎಚ್‌ಇಡಿ-ಡಿ ಎಂಬ ಆಮದು ಆಹಾರದ ಮುನ್ಸೂಚನೆ ನಮೂನೆ ತುಂಬಿಸಿರಬೇಕು. ಕರಿಬೇವು, ಎಳ್ಳು, ಮೆಣಸಿನಕಾಯಿ ಕೂಡ ಇಂಥ ಪಟ್ಟಿಗಳಲ್ಲಿ ಬಂದಿವೆ. ಪಟ್ಟಿ ಆಗಾಗ ಬದಲಾಗುತ್ತದೆ, ಪ್ರತಿ ಲೋಡಿಗೂ ಮುಂಚೆ ನೋಡಿ. ತಪಾಸಣೆಯ ಶುಲ್ಕ, ಲ್ಯಾಬ್ ಖರ್ಚು, ಕಂಟೇನರ್ ನಿಂತ ದಿನಗಳ ಡೆಮರೇಜ್ ಎಲ್ಲ ನಿಮ್ಮ ಮೇಲೇ. ಊರಿನ ಕಡೆ ಬೀಜದ ತೇವಾಂಶ ಶೇ 7ರೊಳಗೆ ಒಣಗಿಸಿ ತುಂಬಿಸಲು ಹೇಳಿ. ಬಿಸಿ ನಾಡಿನಲ್ಲಿ ತುಂಬಿದ ಕಂಟೇನರ್ ತಣ್ಣನೆಯ ಕಡಲಿಗೆ ಬಂದಾಗ ಒಳಗಿನ ತೇವ ಛಾವಣಿಗೆ ಕೂತು ಹನಿಯಾಗಿ ಮೇಲಿನ ಚೀಲಗಳ ಮೇಲೆ ಬೀಳುತ್ತದೆ, ಬೂಸ್ಟು ಹತ್ತುವುದು ಅಲ್ಲೇ ಮೊದಲು. ಒಳಗೋಡೆಗೆ ಕ್ರಾಫ್ಟ್ ಕಾಗದ, ಛಾವಣಿಯಡಿ ತೇವ ಹೀರುವ ಚೀಲ ಹಾಕಿಸಿ.

ಮೀನುಗಾರಿಕೆ ರಜೆಯಲ್ಲಿ ಬೋಟುಗಳು ಧಕ್ಕೆಯಲ್ಲಿ ನಿಂತಿರುತ್ತವೆ. ಆಗ ಏನು ಎಚ್ಚರ ಬೇಕು? ಬೋಟಿನ ಕುಡಿಯುವ ನೀರಿಗೆ ಬ್ಲೀಚಿಂಗ್ ಎಷ್ಟು?
— ಬೋಟಿನ ಮಾಲಕರು, ಮಲ್ಪೆ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಿಖರವಾಗಿ ಜೋರು ಮಳೆಯ ದಿನಗಳು. ಬೋಟಿನ ಬದಿಗೆ ತೂಗಿದ ಹಳೆ ಟೈರುಗಳನ್ನು ಮೊದಲು ನೋಡಿ. ತೂಗಿದ ಟೈರಿನ ಕೆಳಬಾಗಿನಲ್ಲಿ ಒಂದೆರಡು ಲೀಟರ್ ನೀರು ನಿಲ್ಲುತ್ತದೆ. ಕಪ್ಪಾಗಿ, ಬೆಚ್ಚಗೆ, ಗಾಳಿ ತಾಗದಂತಿರುವ ಆ ನೀರು ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ್ದು. ಅಮೆರಿಕದ ಹ್ಯೂಸ್ಟನ್ನಿಗೆ 1985ರಲ್ಲಿ ಏಷ್ಯಾದ ಈಡಿಸ್ ಆಲ್ಬೊಪಿಕ್ಟಸ್ ಹೋಗಿ ಸೇರಿದ್ದೂ ಹಳೆ ಟೈರುಗಳ ಸರಕಿನಲ್ಲೇ. ತೂಗುವಾಗ ಕೆಳಗೆ ಬರುವ ಭಾಗದಲ್ಲಿ ಹೆಬ್ಬೆರಳು ಗಾತ್ರದ ಎರಡು ಮೂರು ತೂತು ಕೊರೆದುಬಿಡಿ. ಒಂದೇ ತೂತಾದರೆ ಕೆಸರು ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ಮೀನಿನ ಕ್ರೇಟು ಕವುಚಿಡಿ, ಟಾರ್ಪಾಲಿನ ಮಡಿಕೆಯಲ್ಲಿ ನೀರು ನಿಲ್ಲದಂತೆ ನಡುವೆ ಕಂಬ ಕೊಟ್ಟು ಇಳಿಜಾರು ಮಾಡಿ. ಮಲ್ಪೆ ಉಡುಪಿ ನಗರಸಭೆಯ ವ್ಯಾಪ್ತಿಗೆ ಬರುವುದರಿಂದ ಧಕ್ಕೆಯ ಲಾರ್ವಾ ಸಮೀಕ್ಷೆ ನಗರಸಭೆಯ ಕೆಲಸಪಟ್ಟಿಯಲ್ಲಿ ಇರಲೇಬೇಕು. ರಜೆ ಶುರುವಾಗುವ ಮುಂಚೆ ಸಂಘದ ಮೂಲಕ ಮನವಿ ಕೊಟ್ಟು ದಿನ ಗೊತ್ತುಮಾಡಿಕೊಳ್ಳಿ.

ನೀರಿಗೆ ಲೆಕ್ಕ ಹೀಗೆ: ತಿಳಿಯಾದ 1,000 ಲೀಟರ್ ನೀರಿಗೆ ಒಳ್ಳೆ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಒಂದು ತಾಸು ಬಿಡಿ. ಬಾಯಿ ತೆರೆದಿಟ್ಟ ಚೀಲದ ಪುಡಿ ಕರಾವಳಿಯ ತೇವಕ್ಕೆ ಬೇಗ ಸತ್ತುಹೋಗುತ್ತದೆ, ತೂಕ ಸರಿಯಿದ್ದರೂ ಕ್ಲೋರಿನ್ ಇರುವುದಿಲ್ಲ. ಹಾಗಾಗಿ ತೂಕ ನಂಬಬೇಡಿ, ನಲ್ಲಿಯ ತುದಿಯಲ್ಲಿ ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪಿನಿಂದ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆರ್ಥೊಟಾಲಿಡಿನ್ ಹನಿ ಹಾಕಿದ 10 ಸೆಕೆಂಡಿನೊಳಗೆ ಬಣ್ಣ ಓದಿ. ತಡಮಾಡಿದರೆ ಕೊಳೆಯೊಂದಿಗೆ ಕೂಡಿಕೊಂಡ ಕ್ಲೋರಿನ್ನಿಗೂ ಹಳದಿ ಬಂದು ನೀರು ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ನೀರು ತುಂಬುವ ಪೈಪನ್ನು ಬೋಟು ತೊಳೆಯುವುದಕ್ಕೆ ಬಳಸಬೇಡಿ. ಬಳಸದಾಗ ತುದಿಗೆ ಮುಚ್ಚಳ ಹಾಕಿ ನೆಲಕ್ಕೆ ತಾಗದಂತೆ ಮೊಳೆಗೆ ತೂಗಿಸಿ.

ಸ್ಥಳೀಯ ಆಡಳಿತದ ತಪ್ಪಿನಿಂದ ಬಂದರು ಪಟ್ಟಣ ಕಷ್ಟಕ್ಕೆ ಸಿಕ್ಕ ಉದಾಹರಣೆ ಇದೆಯೇ?
— ವಿದ್ಯಾರ್ಥಿನಿ, ಧಾರವಾಡ

1892ರ ಹ್ಯಾಂಬರ್ಗ್. ತನ್ನದೇ ಸೆನೆಟ್ ಆಳುತ್ತಿದ್ದ ಬಂದರು ನಗರ. ಎಲ್ಬೆ ನದಿಯ ನೀರನ್ನು ಸೋಸದೆ ಮನೆಗಳಿಗೆ ಕೊಡುತ್ತಿತ್ತು. ಪಕ್ಕಕ್ಕೇ ಅಂಟಿಕೊಂಡ ಆಲ್ಟೋನಾ ಪಟ್ಟಣ ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಮೇಲಿನ ನೀರನ್ನು, ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಆಗಸ್ಟಿನಲ್ಲಿ ಕಾಲರಾ ಬಂದಾಗ ವ್ಯಾಪಾರ ನಿಂತೀತೆಂದು ಆಡಳಿತ ಸುದ್ದಿ ಒಪ್ಪಿಕೊಳ್ಳಲು ತಡಮಾಡಿತು. ಸುಮಾರು 8,600 ಜನ ಸತ್ತರು. ಗಡಿಬೀದಿಯಲ್ಲಿ ಹ್ಯಾಂಬರ್ಗಿನ ನೀರು ಕುಡಿಯುವ ಬದಿಯಲ್ಲಿ ರೋಗ, ಆಲ್ಟೋನಾದ ನೀರಿನ ಬದಿಯಲ್ಲಿ ಬಹುಪಾಲು ಇಲ್ಲ. ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಇದನ್ನೇ ಪುರಾವೆಯಾಗಿ ತೋರಿಸಿದರು. ಮರುವರ್ಷ ಹ್ಯಾಂಬರ್ಗಿನಲ್ಲೂ ಮರಳು ಶೋಧಕ ಬಂತು.

ನಮ್ಮಲ್ಲಿ 1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಹಡಗುಕಟ್ಟೆ ಬಳಿಯ ಮಾಂಡ್ವಿಯಲ್ಲಿ ಪ್ಲೇಗನ್ನು ಗುರುತಿಸಿದ ಡಾ. ಅಕಾಸಿಯೊ ವಿಯೇಗಸ್ ಅಲ್ಲಿನ ಮುನಿಸಿಪಲ್ ಕಾರ್ಪೊರೇಷನ್ನಿನ ಸದಸ್ಯರೂ ಆಗಿದ್ದರು. ರೋಗ 1898ರ ಹೊತ್ತಿಗೆ ಬೆಂಗಳೂರಿಗೂ ಬಂತು. ಹಡಗುಕಟ್ಟೆಯ ರೋಗ ಒಳನಾಡಿನದೂ ಆಗುವುದಕ್ಕೆ ರೈಲೊಂದು ಸಾಕಾಯಿತು.

ಹಡಗಿನ ಹಗ್ಗಕ್ಕೆ ತಗಡಿನ ದುಂಡು ತಟ್ಟೆ ಏಕೆ ಹಾಕುತ್ತಾರೆ?
— ಶಾಲಾ ಶಿಕ್ಷಕರು, ಕುಂದಾಪುರ

ಇಲಿ ಹಗ್ಗ ಹಿಡಿದು ಹಡಗಿನಿಂದ ದಡಕ್ಕೂ ದಡದಿಂದ ಹಡಗಿಗೂ ಹೋಗದಂತೆ. ಸಾಮಾನ್ಯವಾಗಿ ಮೂರು ಅಡಿ ಅಗಲದ ತಟ್ಟೆ. ನಡುವೆ ಸಂದಿಯಿದ್ದರೆ, ಎರಡು ಹಗ್ಗ ಒಂದಕ್ಕೊಂದು ತಾಗುವಂತಿದ್ದರೆ, ತಟ್ಟೆಯನ್ನು ಕಟ್ಟೆಗೆ ತೀರ ಹತ್ತಿರ ಕಟ್ಟಿದರೆ ಪ್ರಯೋಜನವಿಲ್ಲ. ರಾತ್ರಿ ಏಣಿಯನ್ನು ಎತ್ತಿಡುವುದು, ಆಗದಿದ್ದರೆ ದೀಪ ಹಾಕಿ ಕಾವಲಿಡುವುದು ಇದರ ಜೊತೆಗೇ ಬರುತ್ತದೆ. ಕಟ್ಟೆಯ ಮೇಲೆ ಚೆಲ್ಲಿದ ಗೋಧಿ, ಮೆಕ್ಕೆಜೋಳ ಗುಡಿಸದೆ ಬಿಟ್ಟರೆ ಎಷ್ಟು ತಟ್ಟೆ ಕಟ್ಟಿಯೂ ಅಷ್ಟೇ.

ವಿದೇಶಿ ಹಡಗಿನ ಅಡುಗೆಮನೆ ಕಸವನ್ನು ಊರಿನ ಕಸದ ಗಾಡಿಗೆ ಹಾಕಬಹುದೇ?
— ಪಾಲಿಕೆಯ ಮಾಜಿ ಸದಸ್ಯರು, ಮಂಗಳೂರು

ಬೇಡ. ಬೇರೆ ದೇಶದ ಮಾಂಸ, ಹಾಲಿನ ತ್ಯಾಜ್ಯದಲ್ಲಿ ದನ, ಹಂದಿಗಳಿಗೆ ತಗಲುವ ರೋಗಾಣು ಇರಬಹುದು. ಅದು ಕಸದ ರಾಶಿ ಸೇರಿ ಅಲ್ಲಿ ಮೇಯುವ ಹಂದಿಗೆ ಸಿಕ್ಕರೆ ಊರಿನ ಕೊಟ್ಟಿಗೆಗಳಿಗೆ ಹರಡುತ್ತದೆ. ಬ್ರಿಟನ್ನಿನಲ್ಲಿ ಇದನ್ನು ಅತಿ ಅಪಾಯದ ವರ್ಗಕ್ಕೆ ಸೇರಿಸಿ ಸುಡುತ್ತಾರೆ ಅಥವಾ ಅನುಮತಿ ಇರುವ ಜಾಗದಲ್ಲಿ ಆಳವಾಗಿ ಹೂಳುತ್ತಾರೆ. ಹಡಗು ಕಟ್ಟೆಯಲ್ಲಿ ನಿಂತಾಗ ಕಸವನ್ನು ನೀರಿಗೆ ಹಾಕುವಂತಿಲ್ಲ. ಹಡಗುಗಳಿಂದ ಕಡಲು ಕೆಡದಂತೆ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದಂತೆ 25 ಮಿಲಿಮೀಟರ್ ಜಾಲರಿ ದಾಟುವಷ್ಟು ಪುಡಿ ಮಾಡಿದ ಆಹಾರ ತ್ಯಾಜ್ಯಕ್ಕೂ ದಡದಿಂದ 3 ನಾಟಿಕಲ್ ಮೈಲಿ, ಪುಡಿ ಮಾಡದ್ದಕ್ಕೆ 12 ನಾಟಿಕಲ್ ಮೈಲಿ ದೂರ ಬೇಕು. ಆದ್ದರಿಂದ ಕಸ ದಡಕ್ಕೆ ಇಳಿದೇ ಇಳಿಯುತ್ತದೆ. ಪಾಲಿಕೆ ಸಭೆಯಲ್ಲಿ ಕೇಳಬೇಕಾದ್ದು ಮೂರು ವಿಷಯ: ಬಂದರಿನಿಂದ ಕಸ ಒಯ್ಯುವ ಗುತ್ತಿಗೆದಾರರ ಗಾಡಿ ಎಲ್ಲಿಗೆ ಹೋಗುತ್ತದೆ, ಹಡಗಿನವರಿಗೆ ಕೊಟ್ಟ ರಶೀದಿಯ ತೂಕವೂ ವಿಲೇವಾರಿ ಘಟಕದ ತೂಕವೂ ತಾಳೆಯಾಗುತ್ತದೆಯೇ, ಆಹಾರ ತ್ಯಾಜ್ಯವನ್ನು ಬೇರೆ ಮುಚ್ಚಿದ ಡಬ್ಬದಲ್ಲಿ ಇಳಿಸುತ್ತಿದ್ದಾರೆಯೇ. ತೂಕದಲ್ಲಿ ವ್ಯತ್ಯಾಸ ಕಂಡರೆ ನಡುದಾರಿಯಲ್ಲಿ ಎಲ್ಲೋ ಸುರಿದಿದ್ದಾರೆ ಎಂದೇ ಹಿಡಿದು, ಗಾಡಿಯ ಜಿಪಿಎಸ್ ದಾಖಲೆ ತರಿಸಿ ನೋಡಿ.